ಕಣದ ಗುಂಡು

ಅಜ್ಜಿ ತೀರಿಕೊಂಡ ಮಧ್ಯಾಹ್ನವೇ ನಮ್ಮ ಗೇಟಿನ ಪಕ್ಕ ಫ್ಲೆಕ್ಸ್ ಎದ್ದಿತ್ತು. ಯಾರದೋ ಮದುವೆಯಲ್ಲಿ ತೆಗೆದ ಫೋಟೊ. ಪಕ್ಕದಲ್ಲಿದ್ದ ನನ್ನನ್ನು ಕತ್ತರಿಸಿ ತೆಗೆದಿದ್ದರೂ ನನ್ನ ಕೈಬಳೆ ಮಾತ್ರ ಅಜ್ಜಿಯ ಹೆಗಲ ಮೇಲೆ ಉಳಿದುಬಿಟ್ಟಿತ್ತು. ಕೆಳಗೆ ದಪ್ಪಕ್ಷರದಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’. ಅದರ ಕೆಳಗೆ ‘ನಮ್ಮ ಬಡಾವಣೆಯ ಪ್ರಥಮ ನಿವಾಸಿ’. ಅಳುತ್ತಿದ್ದವಳಿಗೆ ಅದನ್ನು ಓದಿ ದಿಗಿಲಾಯಿತು. ಅಜ್ಜಿ ಇದ್ದಿದ್ದರೆ ಕೋಲು ಊರಿಕೊಂಡು ಬಂದು, ‘ಇದನ್ನ ಬರೆಸಿದೋನು ಯಾರಪ್ಪ? ಮೊದಲು ಅಳಿಸು’ ಅನ್ನುತ್ತಿದ್ದಳು.

ಬರೆಸಿದವರದೇನೂ ತಪ್ಪಿಲ್ಲ. ರಾಜಾಜಿನಗರದ ಈ ಕ್ರಾಸಿನಲ್ಲಿ ಮೊದಲು ಹೊಸ್ತಿಲು ಪೂಜೆ ಆದದ್ದು ನಮ್ಮ ಮನೆಯದೇ. 1958ರಲ್ಲಿ ಅಜ್ಜಿ ಇಲ್ಲಿಗೆ ಬಂದಾಗ ಅವಳಿಗೆ 22 ವರ್ಷ. ಕಂಕುಳಲ್ಲಿ ನಮ್ಮಪ್ಪ. ಕುಣಿಗಲ್ ಕಡೆಯ ಹೆಣ್ಣುಮಗಳು ಇಲ್ಲಿಗೆ ಬಂದದ್ದು ಸೋಪಿನ ದೆಸೆಯಿಂದ. 1916ರಲ್ಲಿ ಶುರುವಾಗಿ ಮೈಸೂರು ಸ್ಯಾಂಡಲ್ ಸೋಪಿನಿಂದ ಹೆಸರಾದ ಸರ್ಕಾರಿ ಸಾಬೂನು ಕಾರ್ಖಾನೆ 1957ರಲ್ಲಿ ರಾಜಾಜಿನಗರದ ಕೈಗಾರಿಕಾ ಪ್ರದೇಶಕ್ಕೆ ಬಂತು. ತಾತ ಅಲ್ಲಿ ಕೆಲಸಕ್ಕಿದ್ದರು. ಕಾರ್ಖಾನೆ ಬಂದ ಕಡೆ ಸಂಸಾರವೂ ಬಂತು. ‘ನಿಮ್ಮ ತಾತನ ಷರ್ಟು ಎಷ್ಟು ಒಗೆದರೂ ಗಂಧ ಬಿಡ್ತಿರಲಿಲ್ಲ. ಮನೇಲಿ ಅಕ್ಕಿ ಇಲ್ಲದ ದಿನವೂ ಹಬ್ಬದ ವಾಸನೆ’ ಎಂದು ಅಜ್ಜಿ ನಗುತ್ತಿದ್ದಳು.

ಬೆಂಗಳೂರಿನ ಹಳೆಯ ಬಡಾವಣೆಗಳಿಗೆ ಒಂದೊಂದು ಹುಟ್ಟಿನ ಕಾರಣ ಇದೆ. 1898ರ ಪ್ಲೇಗಿಗೆ ಹೆದರಿದ ಊರು ಗಾಳಿ ಬೆಳಕು ಹುಡುಕಿಕೊಂಡು ಮಲ್ಲೇಶ್ವರ, ಬಸವನಗುಡಿಗಳನ್ನು ಕಟ್ಟಿಕೊಂಡಿತು. ರಾಜಾಜಿನಗರವನ್ನು ಹುಟ್ಟಿಸಿದ್ದು ಕಾರ್ಖಾನೆ. 1941ರಲ್ಲಿ ಸುಮಾರು ನಾಲ್ಕು ಲಕ್ಷ ಇದ್ದ ಬೆಂಗಳೂರಿನ ಜನ 1951ರ ಹೊತ್ತಿಗೆ ಎಂಟು ಲಕ್ಷದ ಹತ್ತಿರ ಬಂದಿದ್ದರು. ಬಂದವರಿಗೆ ಕೆಲಸವಿತ್ತು, ತಲೆ ಮೇಲೆ ಸೂರಿರಲಿಲ್ಲ. ಸೈಟು ಮಾಡಿ ಹಂಚಲೆಂದು 1945ರಲ್ಲಿ ಸಿಐಟಿಬಿ ಹುಟ್ಟಿತ್ತು. ಹಳಬರ ಬಾಯಲ್ಲಿ ಅದು ಇವತ್ತಿಗೂ ‘ಟ್ರಸ್ಟ್ ಬೋರ್ಡು’. ಅದೇ 1976ರಲ್ಲಿ ಬಿಡಿಎ ಆಯಿತು. ಪಶ್ಚಿಮದಲ್ಲಿ ಕಾರ್ಖಾನೆಗಳ ಮಗ್ಗುಲಲ್ಲೇ ಕಾರ್ಮಿಕರಿಗೂ ಗುಮಾಸ್ತರಿಗೂ ಮನೆ ಇರಲಿ ಎಂದು ಯೋಜಿಸಿದ ಈ ಬಡಾವಣೆಗೆ 1949ರಲ್ಲಿ, ಆಗ ಗವರ್ನರ್ ಜನರಲ್ ಆಗಿದ್ದ ಸಿ. ರಾಜಗೋಪಾಲಾಚಾರಿಯವರ ಹೆಸರಿಟ್ಟರು. ಸಿಟಿಯೂ ದಂಡೂ ಕೂಡಿ ಒಂದೇ ಕಾರ್ಪೊರೇಷನ್ ಆದದ್ದೂ ಅದೇ ವರ್ಷ.

ತಾತನಿಗೆ ಸಿಕ್ಕಿದ್ದು ಮೂವತ್ತು-ನಲವತ್ತರ ಸೈಟು. ಮೊದಲು ಲೀಸ್-ಕಮ್-ಸೇಲ್ ಕರಾರು, ಕಂತು ತೀರಿದ ಮೇಲೆ ಕ್ರಯಪತ್ರ. ಎರಡು ಅಂಕಣದ ಹೆಂಚಿನ ಮನೆ ಎದ್ದಿತು. ಕರೆಂಟು ಇನ್ನೂ ಬಂದಿರಲಿಲ್ಲ, ಲಾಂದ್ರವೇ ಗತಿ. ಬೀದಿ ಎಂದರೆ ಸುಣ್ಣದ ಗೆರೆ, ಮೂಲೆಗೊಂದು ನಂಬರು ಬರೆದ ಕಲ್ಲು. ‘ಸಂಜೆಯಾದರೆ ನರಿ ಊಳಿಡೋದು. ನಾನು ಬಾಗಿಲಿಗೆ ಒನಕೆ ಆನಿಸಿ ಕೂತಿರ್ತಿದ್ದೆ’ ಅನ್ನುತ್ತಿದ್ದಳು ಅಜ್ಜಿ.

ಇಷ್ಟನ್ನು ಕೇಳಿದವರು ‘ಅಬ್ಬಾ, ಕಾಡು ಕಡಿದು ಊರು ಮಾಡಿದಿರಿ’ ಎಂದು ಹೊಗಳಲು ಶುರುಮಾಡಿದರೆ ಅಜ್ಜಿ ತಡೆಯುತ್ತಿದ್ದಳು. ‘ಕಾಡಲ್ಲ ಕಣಪ್ಪ, ಹೊಲ.’

ಆ ಮಾತಿನ ಹಿಂದೆ ಒಂದು ಕಲ್ಲಿದೆ. ಸೈಟು ಅಳೆದುಕೊಟ್ಟ ದಿನ ಅದರ ಮೂಲೆಯಲ್ಲಿ ಉರುಟಾದ ಕಲ್ಲೊಂದು ಅರ್ಧ ಹೂತು ಬಿದ್ದಿತ್ತು. ಸಾಗಿಸಲು ಕೂಲಿ ದಂಡ ಎಂದು ತಾತ ಅದನ್ನು ಗೇಟಿನ ಪಕ್ಕಕ್ಕೆ ಉರುಳಿಸಿ ಬಿಟ್ಟರು. ಮನೆಗೆ ಬಂದ ಮಾರನೆಯ ಬೆಳಗ್ಗೆ ಕೇತಮಾರನಹಳ್ಳಿಯಿಂದ ಹೆಂಗಸೊಬ್ಬರು ಹಾಲಿನ ತಂಬಿಗೆ ಹಿಡಿದು ಬಂದರು. ಹಾಲು ಅಳೆದುಕೊಟ್ಟವರು ಹೊರಡಲಿಲ್ಲ. ಆ ಕಲ್ಲನ್ನೇ ನೋಡುತ್ತ ನಿಂತರು. ಆಮೇಲೆ ಅಂದರಂತೆ: ‘ಇದು ನಮ್ಮ ಕಣದ ಗುಂಡು ಕಣಮ್ಮ. ನೀವು ಬಚ್ಚಲು ಕಟ್ಟಿದ್ದೀರಲ್ಲ, ಅಲ್ಲೇ ನಮ್ಮ ಮೇಟಿ ಇದ್ದಿದ್ದು.’

ಈಗಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು. ಸಗಣಿ ಸಾರಿಸಿದ ದುಂಡನೆಯ ಕಣ, ನಡುವೆ ಮೇಟಿ ಕಂಬ. ರಾಗಿ ತೆನೆ ಹರಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಎಳೆಸಿದರೆ ಕಾಳು ಉದುರುತ್ತದೆ. ಸುಗ್ಗಿಯಲ್ಲಿ ರಾಶಿ ಪೂಜೆ. ಅಂಥ ಕಣದ ಮೇಲೆ ನಮ್ಮ ಹಂಡೆ ಒಲೆ ಕೂತಿತ್ತು.

ಅಜ್ಜಿಗೆ ಏನು ಹೇಳಬೇಕೋ ತಿಳಿಯಲಿಲ್ಲವಂತೆ. ಒಳಗೆ ಹೋಗಿ ಕಾಫಿ ತಂದಳು. ಹಾಲಿನ ಅಕ್ಕಯ್ಯ ಆ ಗುಂಡಿನ ಮೇಲೆ ಕೂತು ಕುಡಿದರು. ಅಲ್ಲಿಂದ ಮುಂದೆ ಮೂವತ್ತಕ್ಕೂ ಹೆಚ್ಚು ವರ್ಷ, ದಿನಾ ಬೆಳಗ್ಗೆ ಹಾಲು ಅಳೆದ ಮೇಲೆ ಐದು ನಿಮಿಷ ಅಲ್ಲಿ ಕೂತು ಹೋಗುವುದು ಅವರ ಪರಿಪಾಠ. ಅಜ್ಜಿ ಒಂದು ದಿನವೂ ಅದರ ಮೇಲೆ ಕೂರಲಿಲ್ಲ. ನಾವು ಹುಡುಗರು ಹತ್ತಿದರೆ ‘ಇಳೀರೋ, ಅದು ಅಕ್ಕಯ್ಯನ ಜಾಗ’ ಎಂದು ಗದರುತ್ತಿದ್ದಳು.

ಹೊಲ ಹೋದ ಲೆಕ್ಕವನ್ನೂ ಅಕ್ಕಯ್ಯನೇ ಹೇಳಿದ್ದರಂತೆ. ನೋಟಿಸು ಬಂತು, ಪರಿಹಾರ ಬಂತು, ಅದು ಇಬ್ಬರು ನಾದಿನಿಯರ ಮದುವೆಗೆ ಆಯಿತು. ಎಲ್ಲ ಬಡಾವಣೆಗಳದೂ ಇದೇ ಲೆಕ್ಕ. ಎಕರೆಗಿಷ್ಟು ಎಂದು ಕೊಂಡದ್ದನ್ನು ಚದರಡಿಗಿಷ್ಟು ಎಂದು ಮಾರುವುದು. ನಡುವಿನ ಅಂತರದಲ್ಲಿ ರಸ್ತೆ, ಚರಂಡಿ, ಪಾರ್ಕು ಆಗುತ್ತದೆ. ಹೊಲ ಕೊಟ್ಟವರು ಮಾತ್ರ ಹಳ್ಳಿಯ ಗ್ರಾಮಠಾಣೆಯೊಳಗೆ, ಅಂಕುಡೊಂಕು ಓಣಿಗಳಲ್ಲಿ ಉಳಿಯುತ್ತಾರೆ. ಪಶ್ಚಿಮ ಬೆಂಗಳೂರಿನ ಬಸ್ಸಿನ ಬೋರ್ಡು ಓದುತ್ತ ಹೋಗಿ: ಕುರುಬರಹಳ್ಳಿ, ಅಗ್ರಹಾರ ದಾಸರಹಳ್ಳಿ, ಹೊಸಹಳ್ಳಿ, ಮೂಡಲಪಾಳ್ಯ, ಪಟ್ಟೇಗಾರಪಾಳ್ಯ. ಬಸವೇಶ್ವರನಗರ, ವಿಜಯನಗರ ಎಂಬ ದೊಡ್ಡ ಹೆಸರುಗಳ ಸಂದಿಯಲ್ಲಿ ಹಳ್ಳಿಗಳು ಸ್ಟಾಪುಗಳಾಗಿ ಉಳಿದಿವೆ.

ಬಂದವರು ಬದುಕಿದ್ದು ಆ ಹಳ್ಳಿಗಳಿಂದಲೇ. ನಲ್ಲಿಯಲ್ಲಿ ತಿಪ್ಪಗೊಂಡನಹಳ್ಳಿ ನೀರು ಬರುವವರೆಗೆ ಅಜ್ಜಿ ಸೇದಿದ್ದು ಹಳ್ಳಿಯ ಬಾವಿ. ಸೌದೆ, ಬೆರಣಿ, ಸೊಪ್ಪು ಅಲ್ಲಿಂದಲೇ. ಅಪ್ಪನಿಗೆ ದಡಾರ ಬಂದಾಗ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದ್ದು ಅಕ್ಕಯ್ಯ. ಅವರ ಹಸುಗಳು ನೀರು ಕುಡಿಯುತ್ತಿದ್ದ ಹಳ್ಳ ವೃಷಭಾವತಿಯದು. ಅದೇ ನೀರು ಮುಂದೆ ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಪಕ್ಕ ಹಾದು ಕೆಂಗೇರಿಯತ್ತ ಹರಿಯುತ್ತದೆ. ಈಗ ಊರೆಲ್ಲ ಅದನ್ನು ‘ಕೆಂಗೇರಿ ಮೋರಿ’ ಅನ್ನುತ್ತದೆ. ಅಜ್ಜಿ ಕೊನೆಯವರೆಗೂ ‘ಹಳ್ಳ’ ಎಂದೇ ಅಂದಳು.

ಊರು ಬೆಳೆದದ್ದನ್ನು ಅಜ್ಜಿ ತನ್ನದೇ ಗುರುತುಗಳಲ್ಲಿ ಇಟ್ಟುಕೊಂಡಿದ್ದಳು. 1974ರಲ್ಲಿ ಕಾವೇರಿ ನೀರು ಬೆಂಗಳೂರಿಗೆ ಬಂದದ್ದು ಅವಳಿಗೆ ‘ಬೇಳೆ ಬೇಗ ಬೆಂದ ವರ್ಷ’. ತುಮಕೂರು ರಸ್ತೆಯನ್ನೂ ಮೈಸೂರು ರಸ್ತೆಯನ್ನೂ ಪೇಟೆಯೊಳಗೆ ಹೋಗದೆ ಸೇರಿಸುವ ಕಾರ್ಡ್ ರೋಡಿನ ಹೆಸರನ್ನು ಅಪ್ಪ ಅವಳಿಗೆ ಬಳಪದಲ್ಲಿ ವೃತ್ತ ಬರೆದು, ಅಂಚಿನ ಎರಡು ಚುಕ್ಕೆಗಳ ನಡುವೆ ಗೆರೆ ಎಳೆದು ಬಿಡಿಸಿ ಹೇಳಿದ್ದರು. ‘ಕಣಕ್ಕೆ ಅಡ್ಡ ಗೆರೆ ಎಳೆದ ಹಾಗಿದೆ’ ಅಂದಳಂತೆ. 1997ರಲ್ಲಿ ಗುಡ್ಡದ ಮೇಲೆ ಇಸ್ಕಾನ್ ದೇವಸ್ಥಾನ ಎದ್ದಾಗ, ಅಲ್ಲಿ ದನ ಮೇಯುತ್ತಿದ್ದುದನ್ನು ನೆನೆದು ‘ಕೃಷ್ಣನಿಗೆ ಒಪ್ಪೋ ಜಾಗವೇ’ ಅಂದಳು. 2014ರಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದವರೆಗೆ ಮೆಟ್ರೊ ಶುರುವಾದಾಗ ಕರೆದುಕೊಂಡು ಹೋದೆ. ಕಿಟಕಿಗೆ ಮುಖ ಒತ್ತಿ ತಾರಸಿಗಳನ್ನು ನೋಡುತ್ತ, ‘ಇಲ್ಲಿಂದ ನೋಡಿದರೆ ಹಳ್ಳಿ ಯಾವುದು, ಲೇಔಟು ಯಾವುದು ಗೊತ್ತೇ ಆಗಲ್ಲ ಕಣೆ’ ಅಂದಳು. ಅದು ಅವಳಿಗೆ ಸಮಾಧಾನವೋ ಸಂಕಟವೋ ನಾನು ಕೇಳಲಿಲ್ಲ.

ಅಷ್ಟರಲ್ಲಿ ಅಕ್ಕಯ್ಯ ಹೋಗಿ ಎಷ್ಟೋ ವರ್ಷವಾಗಿತ್ತು. ಹಾಲು ಪ್ಯಾಕೆಟ್ಟಿಗೆ ಬಂದಿತ್ತು. ಹೆಂಚಿನ ಮನೆ ಕೆಡವಿ ಮೂರಂತಸ್ತು ಎಬ್ಬಿಸಿದಾಗ ಕಂಟ್ರಾಕ್ಟರು ಕಲ್ಲನ್ನು ಒಡೆಸಿ ಪಾಯಕ್ಕೆ ಹಾಕೋಣ ಅಂದ. ಅಜ್ಜಿ ಆ ಹೊತ್ತು ಅದರ ಪಕ್ಕದಿಂದ ಕದಲಲಿಲ್ಲ. ಪ್ರತಿ ಸಂಕ್ರಾಂತಿಗೆ ಅದನ್ನು ತೊಳೆದು, ಅರಿಸಿನ ಕುಂಕುಮ ಇಟ್ಟು, ಒಂದು ಬೊಗಸೆ ರಾಗಿ ಸುರಿದು, ಮೊದಲ ಎಳ್ಳು-ಬೆಲ್ಲವನ್ನು ಅಕ್ಕಯ್ಯನ ಮನೆಗೆ ಕಳಿಸುತ್ತಿದ್ದಳು. ‘ನಾವು ನೆಂಟರಾಗಿ ಬಂದೋರು. ನೆಂಟರು ಮನೆಯವರನ್ನ ಮರೀಬಾರದು’ ಎಂಬುದು ಅವಳ ಲೆಕ್ಕ.

2023ರಲ್ಲಿ ಹೋದಳು. 87 ವರ್ಷ. ಮೂರು ದಿನ ಊಟ ಬಿಟ್ಟಳು, ನಾಲ್ಕನೆಯ ಬೆಳಗ್ಗೆ ಉಸಿರು ಬಿಟ್ಟಳು. ಹರಿಶ್ಚಂದ್ರ ಘಾಟಿಗೆ ಒಯ್ಯುವ ಮುಂಚೆ ಬಾಯಿಗೆ ಅಕ್ಕಿ ಕಾಳು ಹಾಕುವವರ ಸಾಲು ಬೀದಿಯವರೆಗೆ ಇತ್ತು. ಅದರ ಕೊನೆಯಲ್ಲಿ ಅಕ್ಕಯ್ಯನ ಮೊಮ್ಮಗ. ಬಾಡಿಗೆ ಟೆಂಪೊ ಓಡಿಸುತ್ತಾನೆ, ನನ್ನ ಓರಗೆಯವನು. ಫ್ಲೆಕ್ಸ್ ಓದಿ ನನ್ನ ಕಡೆ ತಿರುಗಿದ.

‘ಮೊದಲನೇ ನಿವಾಸೀನಾ? ಹಂಗಾದ್ರೆ ನಮ್ಮಜ್ಜಿ ಯಾರಕ್ಕ?’

ಮಾತಿನಲ್ಲಿ ಸಿಟ್ಟಿರಲಿಲ್ಲ, ಸಣ್ಣ ನಗುವಿತ್ತು. ನಾನು ‘ತೆಗೆಸ್ತೀನಿ’ ಅಂದೆ. ‘ಬಿಡಕ್ಕ’ ಅಂದ. ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಬಿಚ್ಚಿ ಅಜ್ಜಿಯ ಮುಖದ ಮೇಲೆ ಬಡಿಯುತ್ತಿತ್ತು. ಅವನು ಬಗ್ಗಿ ದಾರ ಹಿಡಿದ, ಕಟ್ಟಲು ಆಸರೆ ಹುಡುಕಿದ, ಗುಂಡಿಗೇ ಎರಡು ಸುತ್ತು ಸುತ್ತಿ ಬಿಗಿದು ಗಂಟು ಹಾಕಿದ.