ಬ್ರೇಕ್ ಹಿಡಿದರೆ ಕಿರುಚುವ ಸೈಕಲ್

ಪ್ರಶ್ನೆ: ನನ್ನ ಸೈಕಲ್ಲಿನ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಹಿಡಿದಾಗಲೆಲ್ಲ ಕಿರುಚುತ್ತದೆ. ಏನು ಮಾಡಲಿ?

ಉತ್ತರ: ಮಳೆಯಲ್ಲಿ ಮಾತ್ರ ಕಿರುಚಿದರೆ ಚಿಂತೆ ಬೇಡ, ಡಿಸ್ಕ್ ಒಣಗಿದಂತೆ ನಿಲ್ಲುತ್ತದೆ. ಒಣ ರಸ್ತೆಯಲ್ಲೂ ಕಿರುಚಿದರೆ ನನ್ನ ಮೊದಲ ಅನುಮಾನ ಎಣ್ಣೆಯ ಮೇಲೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರಿದ ಹನಿಯೋ ಬೆರಳಿನ ಜಿಡ್ಡೋ ಡಿಸ್ಕಿಗೆ ತಾಗಿದರೆ ಪ್ಯಾಡ್ ಅದನ್ನು ಹೀರಿಕೊಳ್ಳುತ್ತದೆ. ಆಮೇಲೆ ಅದು ಡಿಸ್ಕನ್ನು ಒಂದೇ ಸಮನೆ ಹಿಡಿಯದೆ, ಕ್ಷಣಕ್ಷಣಕ್ಕೂ ಹಿಡಿದು ಜಾರುತ್ತದೆ. ತೆಳು ಉಕ್ಕಿನ ತಟ್ಟೆ ನಡುಗಿ ಕೂಗುತ್ತದೆ.

ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುಭ್ರ ಬಟ್ಟೆಯಿಂದ, ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೂ ಡಿಸ್ಕ್ ಒರೆಸಿ. ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ನಯವಾದ ಉಪ್ಪುಕಾಗದದ ಮೇಲೆ ಹಗುರವಾಗಿ ಉಜ್ಜಿ. ಎಣ್ಣೆ ಆಳಕ್ಕಿಳಿದಿದ್ದರೆ ಹೊಸ ಪ್ಯಾಡೇ ಗತಿ. ಚಕ್ರ ಕಳಚಿದ್ದಾಗ ಮಾತ್ರ ಲಿವರ್ ಒತ್ತಲೇಬೇಡಿ, ಪಿಸ್ಟನ್‌ಗಳು ಮುಂದೆ ಬಂದುಬಿಡುತ್ತವೆ.

ಬಹಳ ಜನ ಬಿಟ್ಟುಬಿಡುವ ಕೆಲಸವೊಂದಿದೆ: ಪ್ಯಾಡ್ ಪಳಗಿಸುವುದು. ವಾಹನಗಳಿಲ್ಲದ ರಸ್ತೆಯಲ್ಲಿ ಗಂಟೆಗೆ 20 ಕಿ.ಮೀ. ವೇಗ ಪಡೆದು, ಚಕ್ರ ಕಚ್ಚಿಕೊಳ್ಳದಂತೆ ನಡಿಗೆಯ ವೇಗಕ್ಕೆ ಇಳಿಸಿ. ಹೀಗೆ 15–20 ಸಲ.

ಬ್ರೇಕ್ ಹಿಡಿಯದೆಯೇ ಸರ್ ಸರ್ ಎಂದು ತಾಗುತ್ತಿದ್ದರೆ ಕ್ಯಾಲಿಪರ್‌ನ ಎರಡೂ ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು ಮತ್ತೆ ಬಿಗಿಮಾಡಿ.