ಹಾರ್ವೆಸ್ಟ್‌ಮನ್‌ಗಳ ದೈನಂದಿನ ಮತ್ತು ಋತುಮಾನದ ಚಟುವಟಿಕೆ

ಹಾರ್ವೆಸ್ಟ್‌ಮನ್‌ಗಳು ಅರಾಕ್ನಿಡಾ ವರ್ಗದ ಓಪಿಲಿಯೋನಿಸ್ ಗಣಕ್ಕೆ ಸೇರಿದ ಎಂಟು ಕಾಲಿನ ಸಂಧಿಪದಿಗಳು. ಜಗತ್ತಿನಲ್ಲಿ ಇವುಗಳ 6,500ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ನೋಟಕ್ಕೆ ಜೇಡವನ್ನು ಹೋಲುತ್ತವೆಯಾದರೂ ಇವು ಜೇಡಗಳಲ್ಲ. ಇವುಗಳ ದೇಹದ ನಡುವೆ ಸೊಂಟದಂತಹ ಭಾಗವಿಲ್ಲ. ನೂಲು ತೆಗೆಯುವ ಗ್ರಂಥಿಯಾಗಲಿ, ವಿಷಗ್ರಂಥಿಯಾಗಲಿ ಇಲ್ಲ. ಮನೆಯ ಮೂಲೆಯಲ್ಲಿ ಬಲೆ ಕಟ್ಟಿ ತಲೆಕೆಳಗಾಗಿ ತೂಗುವ ನೀಳಕಾಲಿನ ಜೀವಿಯು ಜೇಡವೇ ಹೊರತು ಹಾರ್ವೆಸ್ಟ್‌ಮನ್ ಅಲ್ಲ.

ಇಂಗ್ಲಿಷಿನ ಈ ಹೆಸರಿಗೆ 'ಕೊಯ್ಲಿನವನು' ಎಂದರ್ಥ. ಉತ್ತರ ಯುರೋಪಿನಲ್ಲಿ ಬೇಸಿಗೆಯ ಕೊನೆಗೆ, ಕೊಯ್ಲಿನ ಕಾಲದಲ್ಲಿ ಹೆಚ್ಚಾಗಿ ಕಾಣಿಸುವುದರಿಂದ ಈ ಹೆಸರು ಬಂದಿತೆನ್ನುತ್ತಾರೆ. ಆದರೆ ಆಗ ಕಾಣುವುದು ಇವುಗಳ ಜೀವನದ ಒಂದು ಘಟ್ಟ ಮಾತ್ರ.

ದೈನಂದಿನ ಚಟುವಟಿಕೆ

ಬಹುಪಾಲು ಪ್ರಭೇದಗಳು ನಿಶಾಚರಿಗಳು. ಇವುಗಳ ದೇಹದಿಂದ ನೀರು ಬೇಗನೆ ಆರಿಹೋಗುವುದರಿಂದ ಒಣಗಾಳಿ ಮತ್ತು ಬಿಸಿಲು ಅಪಾಯಕಾರಿ. ಹಗಲಿನಲ್ಲಿ ತರಗೆಲೆ, ಕಲ್ಲು, ಮರದ ತೊಗಟೆ ಮೊದಲಾದವುಗಳ ಕೆಳಗಿನ ತೇವದಲ್ಲಿ ಅಡಗಿದ್ದು, ಕತ್ತಲಾದಂತೆ ಹೊರಬರುತ್ತವೆ. ಕಣ್ಣುಗಳು ಸ್ಪಷ್ಟ ಚಿತ್ರವನ್ನು ನೀಡಲಾರವು. ನೀಳವಾದ ಎರಡನೆಯ ಜೋಡಿ ಕಾಲುಗಳಿಂದ ಮುಂದಿನ ದಾರಿಯನ್ನು ತಡವಿ ತಿಳಿಯುತ್ತವೆ. ಆದ್ದರಿಂದ ಕತ್ತಲೆ ಇವುಗಳಿಗೆ ಅಡ್ಡಿಯಲ್ಲ.

ಲೀಯೋಬ್ಯೂನಮ್ ಕುಲದ ಕೆಲವು ಪ್ರಭೇದಗಳು ಹಗಲಿನಲ್ಲಿ ಗುಂಪುಗೂಡಿ, ಕಾಲಿಗೆ ಕಾಲು ಹೆಣೆದು ನಿಲ್ಲುತ್ತವೆ. ಇದರಿಂದ ತೇವಾಂಶ ಉಳಿಯುತ್ತದೆ ಹಾಗೂ ಶತ್ರುಗಳಿಂದ ರಕ್ಷಣೆ ದೊರೆಯುತ್ತದೆ ಎಂದು ವಿವರಿಸಲಾಗುತ್ತದೆ. ಬ್ರೆಜಿಲ್‌ನ ಗುಹೆಗಳಲ್ಲಿ ವಾಸಿಸುವ ಸೆರಾಕ್ಯುಟಿಸೋಮ ಸ್ಪೆಲಿಯಮ್ ಎಂಬ ಪ್ರಭೇದವು ಆಹಾರಕ್ಕಾಗಿ ರಾತ್ರಿ ಗುಹೆಯಿಂದ ಹೊರಬಂದು ಮರಳಿ ಹೋಗುತ್ತದೆ.

ಋತುಮಾನದ ಚಟುವಟಿಕೆ

ಚಳಿಗಾಲವನ್ನು ಕಳೆಯುವ ರೀತಿ ಎಲ್ಲ ಪ್ರಭೇದಗಳಲ್ಲಿ ಒಂದೇ ಅಲ್ಲ. ಬ್ರಿಟನ್ನಿನ ಪ್ರಭೇದಗಳಲ್ಲಿ ಮುಖ್ಯವಾಗಿ ಮೂರು ಬಗೆಗಳನ್ನು ಕಾಣಬಹುದು.

* ಮೊಟ್ಟೆಯಾಗಿ: 1758ರಲ್ಲಿ ಲಿನೀಯಸ್ ಹೆಸರಿಸಿದ ಫಲಾಂಜಿಯಮ್ ಓಪಿಲಿಯೊ ಶರತ್ಕಾಲದಲ್ಲಿ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಗಳು ವಸಂತದಲ್ಲಿ ಒಡೆಯುತ್ತವೆ. ಮರಿಗಳು ಹಲವು ಬಾರಿ ಪೊರೆ ಕಳಚಿ ಬೇಸಿಗೆಯಲ್ಲಿ ಪ್ರೌಢವಾಗುತ್ತವೆ.
* ಮರಿಯಾಗಿ: ರಿಲೇನ ಟ್ರಯಾಂಗ್ಯುಲಾರಿಸ್ ಮರಿಯಾಗಿಯೇ ಚಳಿಗಾಲವನ್ನು ದಾಟಿ ವಸಂತದಲ್ಲಿ ಪ್ರೌಢವಾಗುತ್ತದೆ. ಕೊಯ್ಲಿನ ವೇಳೆಗೆ ಇದರ ಪ್ರೌಢಜೀವಿಗಳು ಕಾಣಸಿಗುವುದು ವಿರಳ.
* ಪ್ರೌಢಾವಸ್ಥೆಯಲ್ಲಿ: ನೆಲದ ತರಗೆಲೆ ಮತ್ತು ಪಾಚಿಯ ನಡುವೆ ವಾಸಿಸುವ ನೆಮಾಸ್ಟೋಮ ಬೈಮ್ಯಾಕ್ಯುಲೇಟಮ್‌ನ ಪ್ರೌಢಜೀವಿಗಳು ವರ್ಷವಿಡೀ ಇರುತ್ತವೆ.

ಫಲಾಂಜಿಯಮ್ ಓಪಿಲಿಯೊಗೆ ಉತ್ತರ ಯುರೋಪಿನಲ್ಲಿ ವರ್ಷಕ್ಕೆ ಒಂದೇ ಪೀಳಿಗೆ. ಬೆಚ್ಚಗಿನ ಪ್ರದೇಶಗಳಲ್ಲಿ ಒಂದಕ್ಕಿಂತ ಹೆಚ್ಚು ಪೀಳಿಗೆಗಳಾಗಬಹುದು. ಹೀಗಾಗಿ ಒಂದೇ ಪ್ರಭೇದದ ಋತುಚಕ್ರವೂ ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತದೆ. ಕೆಲವು ಪ್ರಭೇದಗಳಲ್ಲಿ ವಾಸಸ್ಥಾನವೂ ವಯಸ್ಸಿನೊಂದಿಗೆ ಬದಲಾಗುತ್ತದೆ: ಮರಿಗಳು ನೆಲದ ಮೇಲೆಯೇ ಇದ್ದು, ಬೆಳೆದಂತೆ ಗಿಡಮರಗಳನ್ನು ಏರುತ್ತವೆ.

ಅಧ್ಯಯನ ಮತ್ತು ಮಹತ್ವ

ಆಕ್ಸ್‌ಫರ್ಡ್ ಸುತ್ತಮುತ್ತಲಿನ ಹಾರ್ವೆಸ್ಟ್‌ಮನ್‌ಗಳ ಜೀವನಕ್ರಮವನ್ನು ಕುರಿತು ವ್ಯಾಲೆರಿ ಟಾಡ್ 1949ರಲ್ಲಿ ಪ್ರಕಟಿಸಿದ ಅಧ್ಯಯನವು ಈ ವಿಷಯದ ಮುಖ್ಯ ಬರೆಹಗಳಲ್ಲಿ ಒಂದು.

ಫಲಾಂಜಿಯಮ್ ಓಪಿಲಿಯೊ ಹೊಲಗಳಲ್ಲಿ ಗಿಡಹೇನುಗಳನ್ನೂ ಇತರ ಕೀಟಗಳ ಮೊಟ್ಟೆಗಳನ್ನೂ ತಿನ್ನುತ್ತದೆ. ಈ ಕಾರ್ಯ ಬಹುಮಟ್ಟಿಗೆ ರಾತ್ರಿ ನಡೆಯುವುದರಿಂದ, ಹಗಲಿನ ಎಣಿಕೆಯನ್ನಷ್ಟೇ ನಂಬಿದರೆ ಬೆಳೆಗೆ ಇದರಿಂದಾಗುವ ಉಪಕಾರ ಗಮನಕ್ಕೆ ಬಾರದೆ ಹೋಗಬಹುದು. ಹಾಗೆಯೇ ಒಂದು ಸ್ಥಳದಲ್ಲಿರುವ ಪ್ರಭೇದಗಳನ್ನು ಸರಿಯಾಗಿ ತಿಳಿಯಲು ಬೇರೆ ಬೇರೆ ಋತುಗಳಲ್ಲಿ ಸಮೀಕ್ಷೆ ನಡೆಸುವುದು ಅವಶ್ಯಕ.