ಮನಸ್ಸು ಮಂಕಾದಾಗ ಮೆದುಳಿನಲ್ಲಿ ಏನಾಗುತ್ತದೆ?

"ಡಾಕ್ಟರ್ ಸಾಬ್, ಹೊಟ್ಟೆ ಉರಿ, ರಾತ್ರಿ ನಿದ್ದೆಯಿಲ್ಲ." ನಂಜನಗೂಡು ತಾಲ್ಲೂಕಿನ ತಾಂಡ್ಯ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ ಮಾಡುವ ಯುವಕನೊಬ್ಬ ಎರಡು ಸಲ ಬಂದು ಇಷ್ಟೇ ಹೇಳಿದ್ದ. ನಾನೂ ಹೊಟ್ಟೆಗಷ್ಟೇ ಔಷಧ ಕೊಟ್ಟೆ. ಮೂರನೆಯ ಸಲ ಜೊತೆಗೆ ಬಂದ ತಾಯಿ, "ಸ್ವಂತ ಮಗುವನ್ನೂ ಎತ್ತಿಕೊಳ್ಳುವುದಿಲ್ಲ, ಜುಮಾಗೂ ಹೋಗುವುದಿಲ್ಲ" ಎಂದರು. ಆಗಲೇ ನಾನು ಕೇಳಬೇಕಾದ ಪ್ರಶ್ನೆಗಳನ್ನು ಕೇಳಿದ್ದು. ಅದು ಖಿನ್ನತೆ. ಮನೆಯವರು ಸೋಮಾರಿತನ ಎಂದುಕೊಂಡಿದ್ದರು; ನೆರೆಯವರು ಈಮಾನ್ ಕಡಿಮೆಯಾಗಿದೆ ಎಂದಿದ್ದರು.

ಓದುಗರೇ, ಅದು ಇವೆರಡೂ ಅಲ್ಲ, ಕಾಯಿಲೆ. ನಮ್ಮ ಮೆದುಳಿನ ಭಾಗಗಳು ಒಂದಕ್ಕೊಂದು ಸಂಪರ್ಕವಿಟ್ಟುಕೊಂಡು ಜಾಲಗಳಾಗಿ ಕೆಲಸ ಮಾಡುತ್ತವೆ. ಸುಮ್ಮನೆ ಕುಳಿತಾಗ ನಮ್ಮ ಬಗ್ಗೆ, ಹಿಂದಿನದರ ಬಗ್ಗೆ ಯೋಚಿಸುವುದು ಒಂದು ಜಾಲ. ಯಾವುದಕ್ಕೆ ಗಮನ ಕೊಡಬೇಕೆಂದು ಆರಿಸುವುದು ಇನ್ನೊಂದು. ನಿರ್ಧರಿಸಿ ಕೆಲಸಕ್ಕೆ ಇಳಿಸುವುದು ಮೂರನೆಯದು. ಸಾಮಾನ್ಯವಾಗಿ ಕೆಲಸ ಶುರುವಾದಾಗ ಮೊದಲನೆಯದು ತಗ್ಗಿ ಮೂರನೆಯದು ಚುರುಕಾಗುತ್ತದೆ. ಖಿನ್ನತೆಯಿರುವ ಅನೇಕರಲ್ಲಿ ಈ ಹೊಂದಾಣಿಕೆ ಕೆಡುತ್ತದೆ. 'ನಾನು ಯಾರಿಗೂ ಬೇಡ' ಎಂಬ ಯೋಚನೆ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ. 2024ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಖಿನ್ನತೆಯಿರುವ ಹೆಚ್ಚಿನವರಲ್ಲಿ ಗಮನ ಆರಿಸುವ ಜಾಲವು ಮೆದುಳಿನ ಹೊರಪದರದಲ್ಲಿ ಸುಮಾರು ಎರಡು ಪಟ್ಟು ಜಾಗ ಹಿಡಿದಿತ್ತು. ಹಾಗೆಂದು ಸ್ಕ್ಯಾನಿಗೆ ದುಡ್ಡು ಸುರಿಯಬೇಡಿ. ವೈದ್ಯರು ಮಾತನಾಡಿಸಿಯೇ ಈ ಕಾಯಿಲೆಯನ್ನು ಗುರುತಿಸುತ್ತಾರೆ.

ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್-ಬಲ್ಖಿ, ಕಾರಣ ತಿಳಿದಿರುವ ದುಃಖ ಬೇರೆ, ಕಾರಣ ಕಾಣದ ದುಃಖ ಬೇರೆ ಎಂದು ವಿಂಗಡಿಸಿದ್ದರು. ಎರಡನೆಯದರ ಮೂಲ ದೇಹದಲ್ಲಿದೆ, ಅದಕ್ಕೆ ದೇಹದ ಚಿಕಿತ್ಸೆಯೂ ಬೇಕು ಎಂದಿದ್ದರು.

ಇಂದಿನ ಚಿಕಿತ್ಸೆಗಳಿಂದ ಈ ಜಾಲಗಳ ಸಂಪರ್ಕ ಬದಲಾಗುವುದು ಅಧ್ಯಯನಗಳಲ್ಲಿ ಕಂಡಿದೆ, ಎಲ್ಲರಲ್ಲೂ ಒಂದೇ ರೀತಿಯಲ್ಲಲ್ಲ. ಮಾತ್ರೆಗಳ ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಎಂಟೇ ದಿನಕ್ಕೆ 'ಪ್ರಯೋಜನವಿಲ್ಲ' ಎಂದು ಬಿಡಬೇಡಿ. ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಮುಂದುವರಿಸಬೇಕಾಗುತ್ತದೆ. ಆಪ್ತಸಮಾಲೋಚನೆಯಲ್ಲಿ ಸುತ್ತುವ ಯೋಚನೆಯನ್ನು ಗುರುತಿಸಿ ಹೊರಬರಲು ಕಲಿಸುತ್ತಾರೆ. ಮಾತ್ರೆಗೆ ಬಗ್ಗದಿದ್ದರೆ ತಲೆಯ ಮುಂಭಾಗಕ್ಕೆ ಕಾಂತೀಯ ಪ್ರಚೋದನೆ ಕೊಡುವ ಚಿಕಿತ್ಸೆಯಿದೆ. ಜನ ಹೆದರುವ ಕರೆಂಟ್ ಚಿಕಿತ್ಸೆಯನ್ನೂ ಈಗ ಅರಿವಳಿಕೆ ಕೊಟ್ಟೇ ಮಾಡುತ್ತಾರೆ. ತೀವ್ರ ಖಿನ್ನತೆಗೆ ಅದು ಬಹಳ ಪರಿಣಾಮಕಾರಿ.

ನಮ್ಮ ಯುನಾನಿಯಲ್ಲಿ ಆರೋಗ್ಯಕ್ಕೆ ಅಗತ್ಯವೆಂದು ಹೇಳುವ ಆರು ವಿಷಯಗಳಲ್ಲಿ ಆಹಾರ, ನಿದ್ದೆ, ನಡೆದಾಟ, ಮನಸ್ಸಿನ ಸ್ಥಿತಿ ಎಲ್ಲವೂ ಬರುತ್ತವೆ. ದಿನಾ ಅರ್ಧ ಗಂಟೆ ನಡೆಯಿರಿ. ರಾತ್ರಿ ಪಾಳಿಯವರು ಹಗಲು ಕೋಣೆ ಕತ್ತಲು ಮಾಡಿಕೊಂಡು ಮಲಗಿರಿ. ಆದರೆ ಮಾಜೂನ್, ಖಮೀರಾ ನಂಬಿಕೊಂಡು ಮನೋವೈದ್ಯರ ಮಾತ್ರೆ ನಿಲ್ಲಿಸಬೇಡಿ. ಎರಡೂ ಕಡೆಯ ಔಷಧವಿದ್ದರೆ ಇಬ್ಬರು ವೈದ್ಯರಿಗೂ ತಿಳಿಸಿ. ರಮಝಾನಿನಲ್ಲಿ ಮಾತ್ರೆಯ ವೇಳೆಯನ್ನು ಇಫ್ತಾರ್ ಅಥವಾ ಸಹರಿಗೆ ಬದಲಿಸಬಹುದೇ ಎಂದು ಮೊದಲೇ ವೈದ್ಯರನ್ನು ಕೇಳಿ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು 20ಕ್ಕೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದಾರೆ. ನಿಮ್ಮ ಮೊಹಲ್ಲಾದಲ್ಲೂ ಇದ್ದಾರೆ. ಎರಡು ವಾರಕ್ಕಿಂತ ಹೆಚ್ಚು ಕಾಲ ಬೇಸರ, ನಿರಾಸಕ್ತಿ, ನಿದ್ದೆ-ಹಸಿವಿನ ಏರುಪೇರು ಇದ್ದರೆ ವೈದ್ಯರಿಗೆ ತೋರಿಸಿ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. 'ಟೆಲಿ ಮಾನಸ್' ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಸಾಯುವ ಮಾತು ಬಂದರೆ ಒಂದು ದಿನವೂ ಕಾಯಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. "ಸಾಯಬೇಕು ಅನ್ನಿಸುತ್ತದೆಯೇ?" ಎಂದು ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ.

ಆ ಯುವಕನನ್ನು ಮೈಸೂರಿಗೆ ಕಳುಹಿಸಿದೆ. ಐದನೆಯ ವಾರ ನನ್ನ ಕ್ಲಿನಿಕ್ಕಿಗೆ ಬಂದಾಗ ಮಗು ಅವನ ತೋಳಲ್ಲಿತ್ತು. ಈಗ ಹೊಟ್ಟೆ ಉರಿ ಎಂದು ಯಾರೇ ಬಂದರೂ ಮೊದಲು, "ಮನಸ್ಸು ಹೇಗಿದೆ?" ಎಂದು ಕೇಳುತ್ತೇನೆ. ನೀವೂ ನಿಮ್ಮ ಮನೆಯವರನ್ನು ಕೇಳಿ.